ಹಸರಗುಡ್ಡದ ಕಲ್ಲು ಗುರುತಿಸಿದ ಸಾಬವ್ವ

ಬೆಳಗಿನ ಆರೂಕಾಲು. ಪುಣೆಯ ನಡುಭಾಗದ ಹಳೆಯ ಕಾಲೇಜೊಂದರ ಭೂವಿಜ್ಞಾನ ವಿಭಾಗದ ಬೀಗ ತೆಗೆದು ಸಾಬವ್ವ ಒಳಗೆ ಬರುತ್ತಾರೆ. ದೀಪ ಹಾಕುವುದಿಲ್ಲ. ಪೂರ್ವದ ಮೂರು ಕಿಟಕಿಗಳನ್ನು ತೆರೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆ ಹಿಡಿಯುತ್ತಾರೆ. ಗುಡಿಸಿ ಒರೆಸಿದ ಮೇಲೆ ಒಣ ಬಟ್ಟೆ ತೆಗೆದುಕೊಂಡು ಗಾಜಿನ ಕಪಾಟುಗಳ ಕಡೆ ತಿರುಗುತ್ತಾರೆ. ಒಟ್ಟು ಮೂವತ್ತೆಂಟು ಕಪಾಟು. ಮೂವತ್ತೇಳರ ಮುಂದೆ ಕೈ ಸರಸರ ಓಡುತ್ತದೆ. ಬಾಗಿಲ ಪಕ್ಕದ ಹೊಸ ಕಪಾಟಿನ ಮುಂದೆ ಬಂದಾಗ ಮಾತ್ರ ನಿಧಾನವಾಗುತ್ತದೆ.

ಅದರೊಳಗೆ ತಾಮ್ರದ ಗಣಿಯೊಂದರ ಕಲ್ಲುಗಳಿವೆ. ಮೇಲಿನ ಹಲಗೆಯಲ್ಲಿ ಹಸಿರು ಕಲ್ಲುಗಳು, ನಡುವೆ ಕಡುಬೂದಿ ಬಣ್ಣದವು, ಕೆಳಗೆ ಹಿತ್ತಾಳೆಯ ಹೊಳಪಿನವು. ಗಣಿ ಮುಚ್ಚಿ ಮೂವತ್ತು ವರ್ಷವಾಗುತ್ತ ಬಂದಿದೆ.

“ಇವು ನಮ್ಮೂರ ಕಲ್ಲ್ರಿ,” ಅನ್ನುತ್ತಾರೆ ಸಾಬವ್ವ, ಗಾಜಿನ ಮೂಲೆಯನ್ನು ಉಗುರಿನಿಂದ ಕೆರೆದು ಒರೆಸುತ್ತ. “ಒಂದೆರಡು ನನ್ನ ಕೈಯಾಗಿಂದನ ಹಾದು ಹೋಗಿದ್ದೂ ಇರಬಹುದು. ಯಾರಿಗೆ ಗೊತ್ತದ?”

ಸಾಬವ್ವ ಅವರಿಗೆ ಐವತ್ತಾರು ವರ್ಷ ಎಂದು ಆಧಾರ್ ಕಾರ್ಡ್ ಹೇಳುತ್ತದೆ. ಅವರ ತಾಯಿಯ ಲೆಕ್ಕದಲ್ಲಿ ಇನ್ನೆರಡು ಹೆಚ್ಚು. ನಗರದಂಚಿನ ಹಡಪಸರದ ಒಂದು ಕೋಣೆಯ ಮನೆಯಲ್ಲಿ ನಾಲ್ಕಕ್ಕೆ ಎದ್ದು, ಜೋಳದ ರೊಟ್ಟಿ ಬಡಿದು, ಐದರ ಬಸ್ಸಿಗೆ ಸ್ವಾರಗೇಟಿಗೆ ಬರುತ್ತಾರೆ, ಅಲ್ಲಿಂದ ಕಾಲ್ನಡಿಗೆ. ಎರಡು ಮಹಡಿ, ಹದಿನಾಲ್ಕು ಕೋಣೆ, ನೂರಾ ಹನ್ನೆರಡು ಮೆಟ್ಟಿಲು, ದಿನಕ್ಕೆರಡು ಸಲ ಶೌಚಾಲಯಗಳು. ಮೆಟ್ಟಿಲು ಎಷ್ಟೆಂದು ನಾನು ಕೇಳಿರಲಿಲ್ಲ. ಎಡ ಮೊಣಕಾಲು ಪ್ರತಿದಿನ ಎಣಿಸುತ್ತದೆ ಎಂದು ಅವರೇ ಹೇಳಿದರು. ಕಾಲೇಜಿನ ಆವರಣದಲ್ಲಿ ಹದಿಮೂರು ವರ್ಷ ಕಳೆದರೂ ಅವರು ಕಾಲೇಜಿನ ನೌಕರರಲ್ಲ. ಸ್ವಚ್ಛತೆಯ ಗುತ್ತಿಗೆ ಹಿಡಿದ ಏಜೆನ್ಸಿಯೊಂದರ ಕೆಲಸದಾಕೆ.

ನಾನು ಅವರನ್ನು ಭೇಟಿಯಾದದ್ದು ಈ ಸಂಗ್ರಹಾಲಯ ನೋಡಿಕೊಳ್ಳುವ ಪೂರ್ವಾ ಅವರಿಂದಾಗಿ. ಸಾಬವ್ವ ಕಲ್ಲುಗಳಿಗೆ ಹೇಳುವ ಹೆಸರುಗಳು ಮರಾಠಿಯಲ್ಲಿ ಸಿಗುತ್ತಿಲ್ಲ, ಬರೆದುಕೊಳ್ಳಲು ಕನ್ನಡ ಬಲ್ಲವರು ಬೇಕು ಎಂದು ಪೂರ್ವಾ ಪರಿಚಿತರೊಬ್ಬರನ್ನು ಕೇಳಿದ್ದರು. ನಾನು ಹೆಸರುಗಳ ಪಟ್ಟಿ ಬರೆಯಲು ಹೋದವ. ನಾಲ್ಕು ದಿನ ಅಲ್ಲೇ ಉಳಿದೆ.

ಹಸರಗುಡ್ಡ ಇರುವುದು ಯಾದಗಿರಿ ಸೀಮೆಯಲ್ಲಿ. ಕುರುಚಲು ಗಿಡಗಳ ಸಾಧಾರಣ ಗುಡ್ಡ. ಮಳೆ ಬಿದ್ದ ಮರುದಿನ ಬಂಡೆಗಳ ಸೀಳಿನಲ್ಲಿ ಹಸಿರು ಗೆರೆಗಳು ಎದ್ದು ಕಾಣುತ್ತಿದ್ದವು. ಪಾಚಿಯಲ್ಲ, ಅದು ತಾಮ್ರ. ಎಪ್ಪತ್ತರ ದಶಕದಲ್ಲಿ ಕಂಪನಿಯವರು ಬಂದು ಅಗೆಯತೊಡಗಿದಾಗ, ತಮಗಿಂತ ಬಹಳ ಮೊದಲೇ ಯಾರೋ ಅಗೆದದ್ದು ಕಂಡಿತು. ಒಬ್ಬರು ಬಾಗಿ ನುಸುಳುವಷ್ಟೇ ಅಗಲದ ಸುರಂಗಗಳು, ಇದ್ದಿಲು, ಹಿಡಿಗಾತ್ರದ ಕಲ್ಲಿನ ಸುತ್ತಿಗೆಗಳು. ಅವರು ಯಾವ ಕಾಲದವರೋ ಯಾರಿಗೂ ತಿಳಿಯಲಿಲ್ಲ. ಊರಿನವರು ಆ ಸುರಂಗಗಳಿಗೆ ‘ಅಜ್ಜರ ತಗ್ಗು’ ಎಂದು ಹೆಸರಿಟ್ಟು ಸುಮ್ಮನಾದರು.

ಕಂಪನಿ ನೇರ ಕೆಳಕ್ಕೆ ಬಾವಿಯಂಥ ಶಾಫ್ಟ್ ಇಳಿಸಿ, ಮೂರು ಹಂತಗಳಲ್ಲಿ ಅಡ್ಡ ಸುರಂಗ ಕೊರೆಯಿತು. ಮೊದಲ ಹಂತದಲ್ಲಿ ಗಾಳಿ ನೀರು ತಾಗಿ ಹಸಿರಾದ ಅದಿರು, ಪುಸ್ತಕಗಳು ಮ್ಯಾಲಕೈಟ್ ಎನ್ನುವುದು. ಇನ್ನೂ ಕೆಳಗೆ, ತೂಕಕ್ಕೆ ಕೈ ಜಗ್ಗುವ ಕಡುಬೂದಿ ಕಲ್ಲು. ಅದರಡಿಯಲ್ಲಿ ಹಿತ್ತಾಳೆಯಂತೆ ಹೊಳೆಯುವ ಚಾಲ್ಕೊಪೈರೈಟ್, ಗಣಿಯ ನಿಜವಾದ ಬಾಳು ಅದು. ಸುತ್ತಲಿನ ಹಳ್ಳಿಗಳ ನಾನೂರು ಜನ ಅದನ್ನೇ ನಂಬಿ ಉಂಡರು. ಸಾಬವ್ವ ಅವರ ತಂದೆ ಶಿವಪುತ್ರಪ್ಪ ಗಣಿಯ ಪಂಪು ನೋಡಿಕೊಳ್ಳುತ್ತಿದ್ದರು. ಒಳಗೆ ಒಸರುವ ನೀರನ್ನು ಹಗಲೂ ರಾತ್ರಿ ಮೇಲೆತ್ತದಿದ್ದರೆ ಕೆಲಸವೇ ನಿಲ್ಲುತ್ತಿತ್ತು.

ಹದಿನೆಂಟಕ್ಕೆ ಸಾಬವ್ವ ಬೆಲ್ಟಿನ ಕೆಲಸಕ್ಕೆ ಸೇರಿದರು. ಮೇಲೆ ಬಂದ ಅದಿರನ್ನು ಯಂತ್ರ ಮುಷ್ಟಿಗಾತ್ರಕ್ಕೆ ಒಡೆಯುತ್ತಿತ್ತು. ಒಡೆದದ್ದು ನೀರಿನ ತುಂತುರಿನಡಿ ತೊಳೆದುಕೊಂಡು ರಬ್ಬರಿನ ಬೆಲ್ಟಿನ ಮೇಲೆ ಸಾಗಿ ಬರುತ್ತಿತ್ತು. ಎರಡೂ ಬದಿಗೆ ನಿಂತ ಹದಿನಾರು ಹೆಣ್ಣುಮಕ್ಕಳು ಬರಿಗಲ್ಲನ್ನು ಹೆಕ್ಕಿ ಹೊರಗೆಸೆಯಬೇಕು, ತಾಮ್ರ ಇರುವುದನ್ನು ಬಿಡಬೇಕು. ಎಂಟು ಗಂಟೆಯ ಪಾಳಿ. ಒಂಬತ್ತು ವರ್ಷ.

“ಮೊದಲ ತಿಂಗಳ ಕಣ್ಣ ಮುಚ್ಚಿದ್ರೂ ಕಲ್ಲ ಓಡ್ತಿದ್ವು,” ಎಂದು ನೆನೆಯುತ್ತಾರೆ. “ಆಮ್ಯಾಲ ಕಣ್ಣ ಬ್ಯಾಡೇ ಆತು. ಕೈಗೇ ತಿಳೀತಿತ್ತು.”

ಸಾಹೇಬರು ಕಲ್ಲುಗಳಿಗೆ ಹೇಳುವ ಹೆಸರುಗಳು ಆ ಹೆಣ್ಣುಮಕ್ಕಳಿಗೆ ತಿಳಿಯವು. ಹಸಿರಿಗೆ ಅವರು ಗಿಣಿ ಎಂದರು. ನೀರಿನ ಮೇಲೆ ಸೀಮೆಎಣ್ಣೆ ಬಿದ್ದಂತೆ ಬಣ್ಣ ಬಣ್ಣ ಕಾಣುವುದು ಎಣ್ಣಿಕಲ್ಲು. ಚಾಲ್ಕೊಪೈರೈಟು ಹಿತ್ತಾಳಿ. ಅದರಂತೆಯೇ ಹೊಳೆದು ತಾಮ್ರವೇ ಇಲ್ಲದೆ ಮೋಸ ಮಾಡುವ ಪೈರೈಟಿಗೆ ಕಳ್ಳಹಿತ್ತಾಳಿ. ಗುರುತಿಸಲು ರವಿಕೆಯ ಪಿನ್ನು ಸಾಕಿತ್ತು: ಹಿತ್ತಾಳಿಯ ಮೇಲೆ ಗೀರು ಬೀಳುತ್ತದೆ, ಕಳ್ಳಹಿತ್ತಾಳಿಯ ಮೇಲೆ ಬೀಳುವುದಿಲ್ಲ. ಮೂರನೇ ಹಂತದ ಅದಿರಿಗೆ ಅಂಟಿ ಬರುವ ಕಪ್ಪು ಹಸಿರಿನ ನುಣುಪು ಕಲ್ಲು ಜಾರಕಲ್ಲು. ನನ್ನ ನೋಟುಪುಸ್ತಕದಲ್ಲಿ ಇಂಥ ಇಪ್ಪತ್ತೊಂದು ಹೆಸರುಗಳಿವೆ.

ತೊಂಬತ್ತಾರರಲ್ಲಿ ಗಣಿ ನಿಂತಿತು. ಅದಿರಿನ ಪಟ್ಟಿ ತೆಳುವಾಗುತ್ತ ಬಂದಿತ್ತು, ನೀರು ಹೆಚ್ಚುತ್ತ ಹೋಗಿತ್ತು, ಹೊರಗಿನ ತಾಮ್ರ ಅಗ್ಗವಾಗಿತ್ತು. ಪಂಪುಗಳನ್ನು ಬಿಚ್ಚಿ ಲಾರಿಗೆ ಹೇರಿದ ಮೇಲೆ ಶಿವಪುತ್ರಪ್ಪ ಮೂರು ದಿನ ಶಾಫ್ಟಿನ ಬಾಯಲ್ಲಿ ಕೂತರಂತೆ. ಏನು ಮಾಡುತ್ತೀ ಎಂದು ಹೆಂಡತಿ ಕೇಳಿದ್ದಕ್ಕೆ, ನೀರು ಏರುವ ಸದ್ದು ಕೇಳುತ್ತಿದ್ದೇನೆ ಎಂದರಂತೆ. ಇಪ್ಪತ್ತು ವರ್ಷ ಕೆಳಗೆ ತಡೆದು ಹಿಡಿದಿದ್ದ ನೀರು. ಬಳಿಕ ಆ ಬಾಯಿಗೆ ಕಾಂಕ್ರೀಟಿನ ಹಲಗೆ ಹಾಕಿದರು. ಈಗ ಅದರ ಮೇಲೆ ಆಡುಗಳು ಮಲಗುತ್ತವೆ. ತೊಳೆದ ಅದಿರಿನ ಹೊಲಸು ಸುರಿದ ದಿಬ್ಬದ ಮೇಲೆ ಇವತ್ತಿಗೂ ಹುಲ್ಲು ಹುಟ್ಟುವುದಿಲ್ಲ.

ಮರುವರ್ಷ ಸಾಬವ್ವ ಮತ್ತು ಗಂಡ ಅವ್ವಣ್ಣ ಪುಣೆಗೆ ಬಂದರು. ಹಡಪಸರ ಬೆಳೆಯುತ್ತಿದ್ದ ಕಾಲ. ಹದಿನೈದು ವರ್ಷ ಕಟ್ಟಡಗಳಿಗೆ ಸಿಮೆಂಟು ಇಟ್ಟಿಗೆ ಹೊತ್ತರು. ಮಗಳು ಭಾಗ್ಯಾ ಅಲ್ಲಿಯ ಒಂದು ಕಟ್ಟಡದ ನೆರಳಿನಲ್ಲೇ ಬೆಳೆದಳು. ಈಗ ಮದುವೆಯಾಗಿ ಕಲಬುರಗಿಯಲ್ಲಿದ್ದಾಳೆ. ಮೊಣಕಾಲು ಸೋತಾಗ ಸಾಬವ್ವ ಕಸಬರಿಗೆಯ ಕೆಲಸ ಹಿಡಿದರು. ಅವ್ವಣ್ಣ ಇಂದಿಗೂ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಹೊರುತ್ತಾರೆ.

ಕಾಲೇಜಿಗೆ ಬಂದ ಮೊದಲ ವರ್ಷ ಒಂದು ಘಟನೆ ನಡೆಯಿತು. ತೆರೆದಿದ್ದ ಕಪಾಟಿನಲ್ಲಿ ಉರುಳಿ ಬಿದ್ದಿದ್ದ ಕಲ್ಲೊಂದನ್ನು ಸಾಬವ್ವ ನೆಟ್ಟಗೆ ನಿಲ್ಲಿಸಿದರು. ಅದನ್ನು ಕಂಡ ಅಂದಿನ ಸಿಬ್ಬಂದಿಯೊಬ್ಬರು ಎಲ್ಲರ ಎದುರು ಬೈದರು. ಸ್ವಚ್ಛತೆಯವರು ವಸ್ತುಗಳನ್ನು ಮುಟ್ಟಬಾರದು ಎಂಬ ಬೋರ್ಡು ಮರುದಿನವೇ ಗೋಡೆಗೆ ಬಂತು. ಅಂದಿನಿಂದ ಹನ್ನೆರಡು ವರ್ಷ ಅವರು ಗಾಜನ್ನಷ್ಟೇ ಒರೆಸಿದರು. ಕಲ್ಲಿನ ಕೆಲಸ ಮಾಡಿದವಳು ತಾನೆಂದು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಕಳೆದ ವರ್ಷ ಜುಲೈನಲ್ಲಿ ಪುಣೆಯಲ್ಲಿ ಸುರಿದ ಮಳೆಗೆ ತಾರಸಿಯ ಕೊಳವೆ ಕಟ್ಟಿಕೊಂಡು ಉಗ್ರಾಣದ ಛಾವಣಿ ಸೋರಿತು. ವರ್ಷಗಟ್ಟಲೆ ಬೀಗ ಹಾಕಿಟ್ಟಿದ್ದ ಮರದ ಬೀರುವಿನ ತಳ ಕೊಳೆತು, ಅಡ್ಡ ಬಿತ್ತು. ಅದರಲ್ಲಿದ್ದ ನಾನೂರಾ ಹನ್ನೆರಡು ಕಲ್ಲುಗಳು ನೆಲದ ಮೇಲೆ ಒಂದರೊಳಗೊಂದು ಬೆರೆತವು. ಹೆಸರು ಬರೆದ ಚೀಟಿಗಳೂ, ಅದೇ ಬೀರುವಿನಲ್ಲಿದ್ದ ಪಟ್ಟಿಯ ಪುಸ್ತಕವೂ ನೆನೆದು ಮುದ್ದೆಯಾದವು. ಎಲ್ಲಿಂದ ಬಂತೆಂದು ತಿಳಿಯದ ಕಲ್ಲಿಗೆ ಸಂಗ್ರಹಾಲಯದಲ್ಲಿ ಬೆಲೆಯಿಲ್ಲ. ಕೋಣೆಯೂ ಬೇಕಾಗಿತ್ತು. ಹೊರಗೆ ಸಾಗಿಸಲು ತೀರ್ಮಾನವಾಯಿತು. ಕೆಳಗೆ ಟೆಂಪೋ ಬಂದು ನಿಂತಿತು. ಯಾವುದೋ ತಗ್ಗು ತುಂಬಲು ಹೊರಟ ಕಟ್ಟಡದ ಅವಶೇಷದ ಜೊತೆ ಇವೂ ಹೋಗಬೇಕಿತ್ತು. ಹೊತ್ತು ಇಳಿಸುವ ಕೆಲಸ ಸಾಬವ್ವ ಮತ್ತು ಇನ್ನಿಬ್ಬರ ಪಾಲಿಗೆ ಬಂತು.

ಮೊದಲ ಬುಟ್ಟಿ ಇಳಿಸಿ ಬಂದರು. ಎರಡನೆಯದನ್ನು ಹೊತ್ತು ಮೆಟ್ಟಿಲ ತಿರುವಿಗೆ ಬಂದಾಗ ಮೊಣಕಾಲು ಹಿಡಿಯಿತು, ಬುಟ್ಟಿ ಕೆಳಗಿಟ್ಟರು. ಅಲ್ಲಿ ಕಿಟಕಿಯ ಬೆಳಕಿತ್ತು. ನೆನೆದ ಕಲ್ಲುಗಳು, ಬೆಲ್ಟಿನ ಮೇಲೆ ಬರುತ್ತಿದ್ದಂತೆಯೇ, ತೊಳೆದು ಹೊಳೆಯುತ್ತಿದ್ದವು. ಒಂದನ್ನು ಎತ್ತಿಕೊಂಡರು. ಬಿಳಿ ಕಲ್ಲಿನ ನಡುವೆ ಹಿತ್ತಾಳಿಯ ಪಟ್ಟಿ, ಒಂದು ಬದಿಗೆ ಜಾರಕಲ್ಲು. ಹೆಬ್ಬೆರಳು ತಾನಾಗಿ ಅದರ ಮೇಲೆ ಜಾರಿತು.

“ನಾ ಪುಣೇದಾಗ ಅದೀನೋ ಹಸರಗುಡ್ಡದಾಗ ಅದೀನೋ ತಿಳೀಲಿಲ್ಲ. ಹನ್ನೆರಡು ವರ್ಷ ಆ ಬೀರುವಿನ ಹೊರಗ ಕಸ ಹೊಡದೀನಿ, ಒಳಗ ಇವು ಇದ್ವು.”

ಬುಟ್ಟಿಯನ್ನು ಅವರು ಕೆಳಗೆ ಒಯ್ಯಲಿಲ್ಲ. ಮತ್ತೆ ಮೇಲಕ್ಕೆ ಹೊತ್ತರು. ಏಜೆನ್ಸಿಯ ಸೂಪರ್‌ವೈಸರ್ ಏನೆಂದು ಕೇಳಿದ. ಇವನ್ನು ನಾನು ಇಳಿಸುವುದಿಲ್ಲ ಎಂದರು. ಟೆಂಪೋದವನು ಕಾಯುತ್ತಿದ್ದಾನೆ, ಹೇಳಿದಷ್ಟು ಮಾಡು, ಇಲ್ಲವಾದರೆ ನಾಳೆಯಿಂದ ಬೇರೆ ಕಡೆ ಎಂದು ಆತ ಗದರಿಸಿದ. ಸಾಬವ್ವ ಕಲ್ಲನ್ನು ಸೆರಗಿನಲ್ಲಿ ಹಿಡಿದುಕೊಂಡು ಪೂರ್ವಾ ಅವರ ಕೋಣೆಗೆ ನಡೆದರು. ಚಪ್ಪಲಿ ಹೊರಗೆ ಬಿಟ್ಟು, ಮರಾಠಿಯಲ್ಲಿ ಒಂದೇ ಮಾತು ಹೇಳಿದರು: “ಮ್ಯಾಡಮ್, ಹೇ ದಗಡ ಆಮಚ್ಯಾ ಗಾವಾಚೇ ಆಹೇತ.” ಈ ಕಲ್ಲುಗಳು ನಮ್ಮೂರಿನವು.

ಪೂರ್ವಾ ಅವರಿಗೆ ಮೊದಲು ಅರ್ಥವಾಗಲಿಲ್ಲ. ಊರಿನ ದೇವರ ಕಲ್ಲೇನೋ ಅಂದುಕೊಂಡರಂತೆ. ಮೂವತ್ತೊಂದರ ಪೂರ್ವಾ ಓದಿದ್ದು ಪಳೆಯುಳಿಕೆಗಳನ್ನು. ಅದಿರು ಅವರ ವಿಷಯವಲ್ಲ. ಆದರೂ ಎದ್ದು ಬಂದು ಉಗ್ರಾಣದಲ್ಲಿ ಸಾಬವ್ವ ಅವರ ಜೊತೆ ಕುಕ್ಕರುಗಾಲಲ್ಲಿ ಕೂತರು. ರಾಶಿಯಲ್ಲಿ ಮೇಲಿನ ಹಲಗೆಯಿಂದ ಬಿದ್ದು ನೆನೆಯದೆ ಉಳಿದಿದ್ದ, ಮಾಸಲು ನೀಲಿಯ ಒಂದು ಹೆಪ್ಪು ಇತ್ತು. ಧೂಳು ತೆಗೆದು ನೋಡೋಣವೆಂದು ಪೂರ್ವಾ ಅದನ್ನು ನಲ್ಲಿಯ ಕೆಳಗೆ ಹಿಡಿಯಹೋದರು. ಸಾಬವ್ವ ಪೂರ್ವಾ ಅವರ ಮಣಿಕಟ್ಟು ಹಿಡಿದುಕೊಂಡರು. ಬಾಯಿಗೆ ಬಂದದ್ದು ಕನ್ನಡ.

“ನೀರ ಹಚ್ಚಬ್ಯಾಡ್ರಿ. ಅದು ಕಲ್ಲಲ್ಲ, ಮೈಲುತುತ್ತ. ಕರಗತದ.”

ಗಣಿಯ ಗೋಡೆಗಳಲ್ಲಿ ಜಿನುಗುವ ತಾಮ್ರದ ನೀರು ಒಣಗಿದ ಕಡೆ ನೀಲಿ ಹೆಪ್ಪುಗಟ್ಟುತ್ತದೆ. ಪಂಪಿನ ಕೋಣೆಯ ಮರದ ಕಂಬಗಳ ಮೇಲೆ ಅದು ಹೂವಿನಂತೆ ಅರಳುತ್ತಿತ್ತೆಂದು ತಂದೆ ಹೇಳಿದ್ದು ಸಾಬವ್ವ ಅವರಿಗೆ ನೆನಪಿತ್ತು. ಸಾಬವ್ವ ಮರಾಠಿಯಲ್ಲಿ ಬಿಡಿಸಿ ಹೇಳಿದ ಮೇಲೆ ಪೂರ್ವಾ ಒಂದು ಕಣವನ್ನು ಉಗುರಿನಿಂದ ಕೆರೆದು ಗಾಜಿನ ಲೋಟದ ನೀರಿಗೆ ಹಾಕಿದರು. ಇಬ್ಬರೂ ಕಾದರು. ಕಣ ಕರಗಿ ಹೋಯಿತು, ನೀರಿಗೆ ತಿಳಿನೀಲಿ ಬಂತು. ಪೂರ್ವಾ ಕೆಳಗಿಳಿದು, ಅದಾಗಲೇ ಹೇರಿದ್ದ ಕಲ್ಲುಗಳನ್ನು ಇಳಿಸಿಕೊಂಡು ಟೆಂಪೋವನ್ನು ವಾಪಸ್ ಕಳಿಸಿದರು. ಆ ಕಲ್ಲುಗಳನ್ನು ತಾವೇ ಮೇಲಕ್ಕೆ ಹೊತ್ತು ತಂದರು.

ವಿಭಾಗದ ಮುಖ್ಯಸ್ಥರು ಅಷ್ಟಕ್ಕೆ ಒಪ್ಪಲಿಲ್ಲ. ಊಹೆಯ ಮೇಲೆ ಚೀಟಿ ಬರೆಯುವುದಕ್ಕಿಂತ ಚೀಟಿಯೇ ಇಲ್ಲದಿರುವುದು ಮೇಲು ಎಂಬುದು ಅವರ ಮಾತು. ಅದರಲ್ಲಿ ತಪ್ಪೂ ಇರಲಿಲ್ಲ. ಸಾಬೀತು ಮಾಡಲು ಎಂಟು ದಿನ ಕೊಟ್ಟರು. ಆದರೆ ಮರುದಿನವೇ ಏಜೆನ್ಸಿ ಸಾಬವ್ವ ಅವರನ್ನು ನಗರದ ಇನ್ನೊಂದು ತುದಿಯ ಆಫೀಸು ಕಟ್ಟಡಕ್ಕೆ ಹಾಕಿತು. ಹೇಳಿದ ಕೆಲಸ ಮಾಡಲಿಲ್ಲ ಎಂಬ ಕಾರಣಕ್ಕೆ. ಅವರು ಜಗಳಾಡಲಿಲ್ಲ. ಬೆಳಗಿನ ಆರರಿಂದ ಎರಡರವರೆಗೆ ಅಲ್ಲಿ ನೆಲ ಒರೆಸಿ, ಎರಡು ಬಸ್ಸು ಬದಲಿಸಿ, ಮೂರೂವರೆಗೆ ಕಾಲೇಜಿಗೆ ಬರುತ್ತಿದ್ದರು. ಆರಕ್ಕೆ ವಿಭಾಗ ಮುಚ್ಚುವವರೆಗೆ ಉಗ್ರಾಣದ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಮನೆ ಸೇರುವ ಹೊತ್ತಿಗೆ ಕಾಲು ಬಾತಿರುತ್ತಿತ್ತು. ಆ ಎಂಟು ದಿನ ರಾತ್ರಿಯ ರೊಟ್ಟಿ ಅವ್ವಣ್ಣನವರದು. ಅವು ರೊಟ್ಟಿಯೇ ಅಲ್ಲ ಎಂದು ಸಾಬವ್ವ ನಗುತ್ತಾರೆ.

ಅವ್ವಣ್ಣ ಅವರನ್ನು ನಾನು ಮಾರ್ಕೆಟ್ ಯಾರ್ಡಿನಲ್ಲಿ ಕಂಡೆ. ತಲೆಗೆ ಸುತ್ತಿದ ಟವೆಲ್ಲನ್ನು ಬಿಚ್ಚುತ್ತ ಅವರು ಹೇಳಿದ್ದು ಇಷ್ಟು: “ಈ ವಯಸ್ಸಿಗೆ ಯಾಕ ಬೇಕ ಅಂದೆ. ಕೇಳಲಿಲ್ಲ. ಮದುವ್ಯಾಗಿ ಮೂವತ್ತು ವರ್ಷ ಮ್ಯಾಲಾತು, ಕಲ್ಲ ನೋಡಿ ನಕ್ಕಂಗ ನನ್ನ ನೋಡಿ ಒಮ್ಮೀನೂ ನಕ್ಕಿಲ್ಲ.”

ಸಾಬವ್ವ ಕೇಳಿದ್ದು ಒಂದು ಬಕೀಟು ನೀರು ಮತ್ತು ಒಂದು ಪಿನ್ನು. ನೀಲಿ ಹೆಪ್ಪನ್ನು ದೂರವಿಟ್ಟು, ಉಳಿದವನ್ನು ಒಂದೊಂದಾಗಿ ಅದ್ದಿ, ತಿರುಗಿಸಿ, ಅಂಗೈಯಲ್ಲಿ ತೂಗಿ, ಕೆಲವಕ್ಕೆ ಪಿನ್ನು ಎಳೆದು, ಮೊದಲು ಊರಿನವು, ಹೊರಗಿನವು ಎಂದು ಎರಡು ರಾಶಿ ಮಾಡಿದರು. ಆಮೇಲೆ ಊರಿನವನ್ನು ಮೂರು ಹಂತಗಳಾಗಿ ಬಿಡಿಸಿದರು. ಹೊರಗಿನವುಗಳಲ್ಲೂ ಹಸಿರು ಕಲ್ಲುಗಳಿದ್ದವು. ಬಣ್ಣ ಒಂದೇ ಆದರೂ ಅವುಗಳ ಬೆನ್ನಿಗಂಟಿದ ಕಲ್ಲು ನಮ್ಮದಲ್ಲ ಎಂದು ಬದಿಗಿಟ್ಟರು. ಪೂರ್ವಾ ಪಕ್ಕದಲ್ಲಿ ಕೂತು ಬರೆದುಕೊಂಡರು. ಕೆಸರು ತೊಳೆದಾಗ ನಲವತ್ಮೂರು ಕಲ್ಲುಗಳ ಮೇಲೆ ಬಣ್ಣದಲ್ಲಿ ಬರೆದ ಸಣ್ಣ ಅಂಕಿಗಳು ಕಂಡವು. ಪಟ್ಟಿ ಇಲ್ಲದೆ ಅಂಕಿಗೆ ಅರ್ಥವಿಲ್ಲ. ಆದರೂ ವಿಂಗಡಿಸುವಾಗ ಕಣ್ಣಿಗೆ ಬೀಳದಿರಲೆಂದು ಪೂರ್ವಾ ಅವುಗಳ ಮೇಲೆ ಟೇಪು ಅಂಟಿಸಿ ಮುಚ್ಚಿಟ್ಟರು.

ಅದೇ ವಾರ ಅವರು ಹುಡುಕಿ ಹಿಡಿದದ್ದು ಧಾರವಾಡದಲ್ಲಿರುವ, ಆ ಕಂಪನಿಯ ನಿವೃತ್ತ ಭೂವಿಜ್ಞಾನಿಯೊಬ್ಬರನ್ನು. ಗಣಿ ಮುಚ್ಚುವ ಮುನ್ನ ತಾವು ಓದಿದ ಕಾಲೇಜಿಗೆಂದು ಈ ಕಲ್ಲುಗಳನ್ನು ಕಟ್ಟಿ ಕಳಿಸಿದವರು ಅವರೇ. ಎಂಬತ್ತೊಂದರ ಆ ಹಿರಿಯರ ಟ್ರಂಕಿನಲ್ಲಿ ಹಳೆಯ ನೋಟುಪುಸ್ತಕ ಸಿಕ್ಕಿತು. ಅಂಕಿಗಳ ಪುಟದ ಫೋಟೋ ಪೂರ್ವಾ ಅವರ ಫೋನಿಗೆ ಬಂದದ್ದು ಎಂಟನೆಯ ದಿನ ಮಧ್ಯಾಹ್ನ. ಮುಖ್ಯಸ್ಥರ ಎದುರಿಗೇ ಟೇಪು ಬಿಚ್ಚಿ ತಾಳೆ ನೋಡಿದರು. ನಲವತ್ಮೂರರಲ್ಲಿ ಮೂವತ್ತೊಂಬತ್ತು ಸರಿಯಿದ್ದವು. ಉಳಿದ ನಾಲ್ಕು ಊರಿನವೇ, ಆದರೆ ಎರಡನೇ ಹಂತದವನ್ನು ಮೂರನೆಯದಕ್ಕೆ ಹಾಕಿದ್ದರು. ಆ ಎರಡು ಹಂತಗಳು ಒಂದು ಕಡೆ ಕೂಡಿಕೊಂಡಿದ್ದವು ಎಂದು ನೋಟುಪುಸ್ತಕದಲ್ಲೇ ಬರೆದಿತ್ತು. ಆದರೂ ತಪ್ಪು ತಪ್ಪೇ ಅಂದರು ಸಾಬವ್ವ.

ಮುಖ್ಯಸ್ಥರು ಒಂದು ಕಲ್ಲು ಎತ್ತಿ, ಇದು ಹೇಗೆ ತಿಳಿಯಿತು ಎಂದು ಕೇಳಿದರು. ಸಾಬವ್ವ ಮುಖ್ಯಸ್ಥರ ಹೆಬ್ಬೆರಳನ್ನು ಹಿಡಿದು ಜಾರಕಲ್ಲಿನ ಮೇಲೆ ಓಡಿಸಿ ತೋರಿಸಿದರು. ಅವರು ತಾವಾಗಿ ಮತ್ತೊಮ್ಮೆ ಓಡಿಸಿ ನೋಡಿದರು. ಆಮೇಲೆ ಹೊಸ ಕಪಾಟಿಗೆ ಹೇಳಿ ಕಳಿಸಿದರು. ಏಜೆನ್ಸಿಗೆ ಪತ್ರವನ್ನೂ ತಾವೇ ಬರೆದರು. ಸೋಮವಾರ ಸಾಬವ್ವ ಹಳೆಯ ಜಾಗಕ್ಕೆ ಮರಳಿದರು, ಅದೇ ಕಸಬರಿಗೆಗೆ.

ಕೆಲಸ ಬದಲಾಗಿಲ್ಲ. ನೂರಾ ಹನ್ನೆರಡು ಮೆಟ್ಟಿಲುಗಳೂ ಹಾಗೇ ಇವೆ. ಗೋಡೆಯ ಬೋರ್ಡು ಇಳಿದಿದೆ. ಹನ್ನೊಂದರ ಚಹಾ ಪೂರ್ವಾ ಮತ್ತು ಸಾಬವ್ವ ಒಟ್ಟಿಗೇ ಕುಡಿಯುತ್ತಾರೆ. ತಿಂಗಳಿಗೊಮ್ಮೆ ಬರುವ ಶಾಲೆಯ ಮಕ್ಕಳು ಗಣಿಯ ಬಗ್ಗೆ ಕೇಳಿದರೆ ಪೂರ್ವಾ ಕಾರಿಡಾರಿನ ಕಡೆ ತಿರುಗಿ ಅವರನ್ನು ಕರೆಯುತ್ತಾರೆ. ಸಾಬವ್ವ ಕೈ ಒರೆಸಿಕೊಂಡು ಬಂದು, ಅಜ್ಜರ ತಗ್ಗಿನಿಂದ ಹಿಡಿದು ಶಾಫ್ಟಿನ ಬಾಯಿ ಮುಚ್ಚಿದವರೆಗೆ, ತಮ್ಮ ಮರಾಠಿಯಲ್ಲಿ ಹೇಳುತ್ತಾರೆ. ಹೇಳಿ ಮುಗಿದೊಡನೆ ಒರೆಸುವುದು ಬಾಕಿ ಇದೆ ಎಂದು ಹೊರಟುಬಿಡುತ್ತಾರೆ.

ಕಪಾಟಿನ ಚೀಟಿ ಮರಾಠಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಇದೆ. ಕನ್ನಡದ್ದು ಬರೆದುಕೊಟ್ಟವ ನಾನು. ಕೊನೆಯ ಸಾಲು ಹೀಗಿದೆ: ‘ವಿಂಗಡಿಸಿದವರು ಸಾಬವ್ವ, ಹಸರಗುಡ್ಡ ಗಣಿಯ ಬೆಲ್ಟಿನ ಕೆಲಸಗಾರ್ತಿ.’ ಓದು ಅಷ್ಟಾಗಿ ಬಾರದ ಅವರು ನನ್ನಿಂದ ಅದನ್ನು ಎರಡು ಸಲ ಓದಿಸಿಕೊಂಡರು. ಎರಡನೆಯ ಸಲ ಓದುವಾಗ ಬೇರೆ ಕಡೆ ನೋಡುತ್ತಿದ್ದರು.

ಹೊರಡುವ ದಿನ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಕೆಲಸ ಕಾಯಂ ಆಗಲಿ ಎನ್ನಬಹುದು, ಮೊಣಕಾಲಿನ ಮಾತು ಬರಬಹುದು ಎಂದುಕೊಂಡಿದ್ದೆ. ಸಾಬವ್ವ ನನ್ನನ್ನು ಉಗ್ರಾಣಕ್ಕೆ ಕರೆದೊಯ್ದು ಒಂದು ತಟ್ಟೆ ತೋರಿಸಿದರು. ಎರಡೂ ರಾಶಿಗೆ ಸೇರದ ಹದಿನೆಂಟು ಕಲ್ಲುಗಳು. ಬಾಯಿಗೆ ಬಂದ ಹೆಸರು ಹೇಳಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಅವರು ಹೇಳಲಿಲ್ಲ. ತಿಂಗಳುಗಳಿಂದ ಆ ತಟ್ಟೆ ಹಾಗೇ ಇದೆ.

ಬೆಲ್ಟಿನಲ್ಲಿ ತಮ್ಮ ಎದುರಿಗೆ ಚನ್ನಬಸವ್ವ ಎಂಬಾಕೆ ನಿಲ್ಲುತ್ತಿದ್ದರಂತೆ. ಈಗ ಎಪ್ಪತ್ತರ ಹತ್ತಿರ, ಹಸರಗುಡ್ಡದಲ್ಲೇ ಇದ್ದಾರೆ. ಕಪಾಟಿನ ಫೋಟೋ ಕಳಿಸಿದರೆ ಆಕೆ ನಂಬಲಿಲ್ಲವಂತೆ, ಕಲ್ಲಿನ ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ ಎಂದರಂತೆ. ದೀಪಾವಳಿಯ ರಜೆಯಲ್ಲಿ ಆಕೆಯನ್ನು ಬಸ್ಸಿಗೆ ಹತ್ತಿಸಿಕೊಂಡು ಬರಬೇಕು, ಈ ತಟ್ಟೆಯ ಮುಂದೆ ಕೂರಿಸಬೇಕು. ಪೂರ್ವಾ ಮೇಡಂ ಹೂಂ ಅಂದಿದ್ದಾರೆ. ಆಸೆ ಅಂದರೆ ಇದೊಂದೇ.

“ಆಕಿಗೆ ಗೊತ್ತಿರ್ತಾವ್ರಿ ಇವು,” ಎಂದರು ಸಾಬವ್ವ, ತಟ್ಟೆಯ ಅಂಚನ್ನು ಬಟ್ಟೆಯಿಂದ ಒರೆಸಿ. “ಆಕಿ ಕೈ ನನಗಿಂತ ಭಾಳ ಚಲೋ. ನಾ ಇಲ್ಲಿ ಇದ್ದೆ, ಅಷ್ಟೇರಿ.”